ಒದ್ದೆ ಟವೆಲ್ಲಿನ ಫೈಲು

ದೊಡ್ಡಮ್ಮನಿಗೆ ಕಾಗದವೆಂದರೆ ಜೀವ ಎಂದು ಹೇಳುವವರಿದ್ದರು. ಅದು ಅಷ್ಟು ಸರಿಯಲ್ಲ. ಕಾಗದದ ಮೇಲೆ ಅವರಿಗೆ ಅಂಥ ಮೋಹವೇನೂ ಇರಲಿಲ್ಲ. ಜೀವವಿದ್ದದ್ದು ಕಾಗದ ಇರಬೇಕಾದ ಜಾಗದ ಮೇಲೆ. ಜಾಗ ಬಿಟ್ಟು ಅಲೆಯುವ ಒಂದು ಹಾಳೆ ಕಂಡರೂ ಸಾಕು, ಬೀದಿಯಲ್ಲಿ ಅಳುತ್ತಾ ನಿಂತ ಮಗುವನ್ನು ಕಂಡವರ ಹಾಗೆ ಚಡಪಡಿಸಿಬಿಡುತ್ತಿದ್ದರು. ಆದರೆ ಆ ಹಾಳೆಯಲ್ಲಿ ಏನು ಬರೆದಿದೆ ಎಂದು ನೋಡುವ ಕುತೂಹಲ ಅವರಿಗೆ ಎಂದೂ ಹುಟ್ಟಿದ್ದಿಲ್ಲ.

ಇದು ಅವರ ಕೆಲಸ ಕಲಿಸಿದ ಬುದ್ಧಿ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ, ದೊಡ್ಡ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ನಿವೃತ್ತಿಯ ತನಕ ದುಡಿದವರು. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಕಬ್ಬಿಣದ ಕಪಾಟು. ರೋಗಿ ಬದುಕಿದನೋ ಸತ್ತನೋ, ಅವನ ಫೈಲು ಮಾತ್ರ ಕೇಳಿದ ಕೂಡಲೇ ಕೈಗೆ ಬರಬೇಕು. ವೈದ್ಯರು ಗೀಚಿದ ಚೀಟಿ, ನರ್ಸುಗಳು ಸಿಕ್ಕಸಿಕ್ಕಲ್ಲಿ ಬರೆದಿಟ್ಟ ಟಿಪ್ಪಣಿ ಎಲ್ಲವೂ ಒಂದು ಶುದ್ಧಪ್ರತಿಗೆ ಇಳಿದು, ಅದಕ್ಕೆ ಸಹಿ ಬಿದ್ದಮೇಲೆ, ಕರಡನ್ನು ಹರಿದು ಚೀಲಕ್ಕೆ ತುಂಬುವುದು ಅಲ್ಲಿನ ಪದ್ಧತಿ. “ಒಂದೇ ವಿಷಯಕ್ಕೆ ಎರಡು ಕಾಗದ ಇಟ್ಕೊಂಡ್ರೆ ನಾಳೆ ಯಾವ್ದು ಸರಿ ಅಂತ ಜಗಳ ಬರುತ್ತೆ,” ಎಂದು ಹೊಸದಾಗಿ ಸೇರಿದವರಿಗೆ ದೊಡ್ಡಮ್ಮ ಹೇಳಿಕೊಡುತ್ತಿದ್ದರು. ಜಗಳ ಬಂದದ್ದೇ ಇಲ್ಲ. ಫೈಲಿನಲ್ಲಿ ಏನಿದೆಯೋ ಅದೇ ನಡೆದದ್ದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದವರ ಕೈಯಲ್ಲಿ ತೋರಿಸಲು ಬೇರೆ ಕಾಗದ ಉಳಿದಿರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ತಂಗಿಯ ಮನೆಗೆ ಬಂದು ಸೇರಿಕೊಂಡರು. ತಂಗಿ ಬ್ರೆಡ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವಳು. ಅವಳ ಗಂಡ ದೂರದ ದಾರಿಯ ಲಾರಿ ಓಡಿಸುವವನು, ಮನೆಗೆ ಬಂದಾಗಲೆಲ್ಲ ನಿದ್ದೆ ಮಾಡುತ್ತಲೇ ಇರುತ್ತಿದ್ದ. ಅವರಿಗೆ ಇದ್ದದ್ದು ಒಬ್ಬಳೇ ಮಗಳು. ಮೂರನೇ ಮಹಡಿಯ ಎರಡು ಕೋಣೆಯ ಆ ಮನೆಗೆ ಕಾಲಿಟ್ಟ ದಿನವೇ ದೊಡ್ಡಮ್ಮ ಹುಡುಗಿಯ ಸ್ಕೂಲ್ ಬ್ಯಾಗು ತೆರೆದು ನೋಡಿ, ಹೌಹಾರಿ ಕುರ್ಚಿಯ ಮೇಲೆ ಕುಳಿತುಬಿಟ್ಟರು.

ಬ್ಯಾಗಿನೊಳಗೆ ಪುಸ್ತಕಗಳಿಗಿಂತ ಚೂರುಪಾರು ಹೆಚ್ಚಿತ್ತು. ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದ ಲೆಕ್ಕ, ಬಿಸ್ಕತ್ತಿನ ಕಾಗದದ ಮೇಲೆ ಇರುವೆಯ ಚಿತ್ರ, ಮಾತ್ರೆ ಡಬ್ಬಿ ಬಿಚ್ಚಿ ಅದರ ರಟ್ಟಿನ ಮೇಲೆ ‘ನೆರಳು ಯಾಕೆ ಎರಡು?’ ಎಂಬ ಪ್ರಶ್ನೆ. ಬರೆಯಲು ಏನೂ ಸಿಗದಿದ್ದರೆ ಹುಡುಗಿ ಮೊಣಕೈವರೆಗೆ ಬರೆದುಕೊಂಡು ಬರುತ್ತಿದ್ದಳು. ದೊಡ್ಡಮ್ಮ ಅವಳಿಗೆ ಅಲ್ಲೇ ಚಿಂದಿ ಎಂದು ಹೆಸರಿಟ್ಟರು. ತಾಯಿಗೆ ಅದು ಹಿಡಿಸಲಿಲ್ಲ. ಹುಡುಗಿಗೆ ಮಾತ್ರ ಬಹಳ ಹಿಡಿಸಿ, ನೋಟ್‌ಬುಕ್ಕಿನ ಮೇಲೂ ಅದೇ ಹೆಸರು ಬರೆದುಕೊಂಡು ಟೀಚರ ಹತ್ತಿರ ಬೈಸಿಕೊಂಡು ಬಂದಳು.

ಚಿಂದಿ ದಡ್ಡಿಯಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವಳ ಅಂಕಗಳಿಗೆ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಕುಳಿತು ಬಿಡಿಸಿದ ಭೂಪಟ ಒಪ್ಪಿಸಬೇಕಾದ ದಿನ ಮಾಯವಾಗಿ, ಅಂಕ ಕೊಟ್ಟು ಮುಗಿದ ಮೇಲೆ ಅಪ್ಪನ ಹಳೇ ಬೂಟಿನೊಳಗೆ ಸಿಕ್ಕಿತ್ತು. ಯಾಕೆ ಅಲ್ಲಿಟ್ಟೆ ಎಂದರೆ, “ಮಡಿಸಬಾರ್ದು ಅಂತ ಟೀಚರ್ ಹೇಳಿದ್ರು, ಸುರುಳಿ ಸುತ್ತಿ ಇಡೋಕೆ ಅದೇ ಸರಿಯಾಗಿತ್ತು,” ಎಂದಳು. ತಾಯಿ ನಗಬೇಕೋ ಹೊಡೆಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ದೊಡ್ಡಮ್ಮ ಸೆರಗು ಸಿಕ್ಕಿಸಿ ನಿಂತರು. ವಿಷಯಕ್ಕೊಂದು ಬಣ್ಣದ ರಟ್ಟು, ರಟ್ಟಿಗೊಂದು ಚೀಟಿ, ಆಗಬೇಕಾದ್ದು ಎಡಕ್ಕೆ, ಆದದ್ದು ಬಲಕ್ಕೆ. ಸಂಜೆ ಬಂದ ಕೂಡಲೇ ಬ್ಯಾಗು ಮೇಜಿನ ಮೇಲೆ ಬರಿದಾಗಬೇಕು. ಹಾಳೆಗಳನ್ನು ಬಿಡಿಸಿ, ರಂಧ್ರ ಹೊಡೆದು, ದಾರ ಪೋಣಿಸಿ ಜಾಗಕ್ಕೆ ಸೇರಿಸಿದ ಮೇಲೆಯೇ ತಿಂಡಿ. ಉಳಿದ ಚೂರುಪಾರು ಬುಟ್ಟಿಗೆ. ಹುಡುಗಿ ಮೊದಮೊದಲು ಬುಟ್ಟಿಯಿಂದ ಕದ್ದು ತೆಗೆದಿಟ್ಟುಕೊಳ್ಳುತ್ತಿದ್ದಳು. ಆಮೇಲೆ ದೊಡ್ಡಮ್ಮ ಬುಟ್ಟಿಯನ್ನೇ ದಿನಾ ಖಾಲಿ ಮಾಡತೊಡಗಿದರು.

ಸುಳ್ಳು ಹೇಳಬಾರದು, ಇದರಿಂದ ಒಳ್ಳೆಯದೇ ಆಯಿತು. ಚಿಂದಿಯ ಹೋಮ್‌ವರ್ಕು ಹೊತ್ತಿಗೆ ಸರಿಯಾಗಿ ಮೇಜು ಸೇರಿತು, ಅಂಕ ಏರಿತು, ತಾಯಿ ಪಾಳಿಯಿಂದ ಬಂದು ನೆಮ್ಮದಿಯಾಗಿ ಕಾಲು ಚಾಚಿದಳು. ಸುದ್ದಿ ಶಾಲೆಗೂ ಮುಟ್ಟಿ, ಹೆಡ್‌ಮಿಸ್ ಒಂದು ದಿನ ದೊಡ್ಡಮ್ಮನನ್ನು ಕರೆಸಿ, ಶನಿವಾರ ಒಂದು ಗಂಟೆ ಬಂದು ಉಳಿದ ಮಕ್ಕಳಿಗೂ ಇದನ್ನೇ ಹೇಳಿಕೊಡುತ್ತೀರಾ ಎಂದು ಕೇಳಿದರು. ದೊಡ್ಡಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶನಿವಾರದ ಕ್ಲಾಸಿಗೆ ಹೋಗುವಾಗ ಆಸ್ಪತ್ರೆಯ ಕಾಲದ ಕಪ್ಪು ಚಪ್ಪಲಿ, ಇಸ್ತ್ರಿ ಮಾಡಿದ ಸೀರೆ. ಮಕ್ಕಳು ಹಿಂದಿನಿಂದ ‘ಫೈಲಮ್ಮ’ ಎಂದು ಕರೆಯುತ್ತಿದ್ದದ್ದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಒಳಗೊಳಗೇ ಖುಷಿಪಡುತ್ತಿದ್ದರು. ತಾಯಂದಿರು ಗೇಟಿನ ಹತ್ತಿರ ತಡೆದು ಕೈ ಹಿಡಿದುಕೊಂಡು, ನಮ್ಮವನು ಈಗ ಏನನ್ನೂ ಕಳೆಯುವುದಿಲ್ಲ ಎನ್ನುತ್ತಿದ್ದರು. ಜನ್ಮವೆಲ್ಲ ಕಿಟಕಿಯಿಲ್ಲದ ಕೋಣೆಯಲ್ಲಿ ಕಳೆದವರಿಗೆ ಇದು ಸಣ್ಣ ಮಾತಲ್ಲ.

ಆ ವರ್ಷವೇ ವಿಜ್ಞಾನ ಶಾಲೆಯ ವಿಷಯ ಬಂತು. ಊರಿನ ಹೊಳೆಯ ಆಚೆ ದಡದಲ್ಲಿದ್ದ ಅದು ದೊಡ್ಡ ಶಾಲೆ. ಪ್ರತಿ ಶಾಲೆಯಿಂದ ಒಂದಿಬ್ಬರನ್ನು ಮಾತ್ರ ಆರಿಸಿಕೊಳ್ಳುತ್ತಿತ್ತು. ಪರೀಕ್ಷೆ ಗಿರೀಕ್ಷೆ ಇಲ್ಲ. ಮಗು ತಾನೇ ಏನನ್ನಾದರೂ ನೋಡಿ, ಅಳೆದು, ಕಂಡದ್ದನ್ನು ಬರೆದು ತರಬೇಕು. ಮೂವರು ಕುಳಿತು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಟೈಪು ಮಾಡಿಸಿ ತರಬಹುದು. ಚಿಂದಿ ಒಮ್ಮೆ ತರಗತಿಯವರ ಜೊತೆ ಆ ಶಾಲೆ ನೋಡಿಕೊಂಡು ಬಂದಿದ್ದಳು. ಅವತ್ತು ಊಟಕ್ಕೆ ಕುಳಿತರೂ ಮಾತು ನಿಲ್ಲಲಿಲ್ಲ.

“ಅಮ್ಮ, ಅಲ್ಲಿ ಲ್ಯಾಬಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೇಜು. ಅರ್ಧ ಮಾಡಿ ಬಿಟ್ಟು ಹೋದ್ರೆ ಬೆಳಿಗ್ಗೆ ಅದು ಹಾಗೇ ಇರುತ್ತಂತೆ. ಯಾರೂ ಎತ್ತಿಡಲ್ಲ, ಒರೆಸಲ್ಲ!”

“ಕಸ ಗುಡಿಸೋರಿಲ್ವಾ ಅಲ್ಲಿ?” ಎಂದರು ದೊಡ್ಡಮ್ಮ.

“ನೆಲ ಗುಡಿಸ್ತಾರೆ. ಮೇಜು ಮುಟ್ಟಲ್ಲ. ಅಮ್ಮ, ನಂಗೆ ಅಲ್ಲಿಗೇ ಹೋಗ್ಬೇಕು.”

ಹುಡುಗಿ ಯಾವತ್ತೂ ಏನನ್ನೂ ಬೇಕು ಎಂದು ಕೇಳಿದವಳಲ್ಲ. ತಾಯಿ ತಟ್ಟೆಯಿಂದ ಕೈ ಎತ್ತಿ ಅವಳನ್ನೇ ನೋಡಿದಳು. ಆಮೇಲೆ ಅಕ್ಕನ ಕಡೆ ತಿರುಗಿ, “ಅಕ್ಕ, ಇದೊಂದನ್ನ ನೀನು ನೋಡ್ಕೋ. ಇವಳ ಕೈಗೆ ಬಿಟ್ರೆ ಹೋಗೋ ದಿನ ಅದೂ ಬೂಟೊಳಗೆ ಸಿಗುತ್ತೆ,” ಎಂದಳು. ಮೂವರೂ ನಕ್ಕರು.

ಚಿಂದಿ ಆರಿಸಿಕೊಂಡದ್ದು ಒದ್ದೆ ಟವೆಲ್ಲು. ಒಂದೇ ಅಳತೆಯ ಮೂರು ಕೈ ಟವೆಲ್ಲುಗಳನ್ನು ಒದ್ದೆ ಮಾಡಿ ಹಿಂಡಿ, ಒಂದನ್ನು ತಾರಸಿಯ ಬಿಸಿಲಿಗೆ, ಒಂದನ್ನು ಕೋಣೆಯೊಳಗೆ, ಇನ್ನೊಂದನ್ನು ಕಿಟಕಿಯಾಚೆ ಎರಡು ಕಟ್ಟಡಗಳ ನಡುವಿನ ಕತ್ತಲೆ ಓಣಿಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕುವುದು. ಆಗಾಗ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ, ಯಾವುದು ಎಷ್ಟು ಹಗುರವಾಯಿತು ಎಂದು ಬರೆಯುವುದು. ರಜೆಯ ದಿನಗಳೆಲ್ಲ ಇದೇ. ಮೆಟ್ಟಿಲು ಹತ್ತಿ ಇಳಿದು ಹುಡುಗಿಯ ಮುಖ ಕೆಂಪಾಗಿರುತ್ತಿತ್ತು. ಬಿಸಿಲಿನ ಟವೆಲ್ಲೇ ಗೆಲ್ಲುತ್ತದೆ ಎಂದು ಕಟ್ಟಡದವರೆಲ್ಲ ಹೇಳಿದ್ದರೆ, ಗಾಳಿ ಬೀಸುವ ಆ ಕತ್ತಲೆ ಓಣಿಯದೇ ಎಷ್ಟೋ ದಿನ ಮೊದಲು ಒಣಗಿತು. ಪಕ್ಕದ ಮನೆಯ ಮುದುಕರು ಪಂದ್ಯ ಕಟ್ಟಿ ಸೋತು ಅವಳಿಗೊಂದು ಪೆನ್ಸಿಲು ಕೊಟ್ಟರು.

ಒಂದು ಮಧ್ಯಾಹ್ನ ಓಣಿಯ ಟವೆಲ್ಲು ಹಗುರವಾಗುವ ಬದಲು ಭಾರವಾಯಿತು. ಚಿಂದಿ ಎರಡು ಸಲ ತೂಗಿದಳು. ತಕ್ಕಡಿಯ ಮೇಲೆ ಸಕ್ಕರೆ ಡಬ್ಬಿ ಇಟ್ಟು ತಕ್ಕಡಿ ಸರಿಯಿದೆಯೇ ನೋಡಿದಳು. ಮತ್ತೆ ತೂಗಿದಳು. ಭಾರವೇ. ಕೈಗೆ ಸಿಕ್ಕ ಸೋಪಿನ ಕಾಗದದ ಮೇಲೆ ಆ ತೂಕ ಬರೆದು, ಪಕ್ಕದಲ್ಲಿ ‘ಭಾರ ಆಯ್ತು!!! ಯಾಕೆ???’ ಎಂದು ಗೀಚಿ, ದೊಡ್ಡಮ್ಮನ ಹತ್ತಿರ ಓಡಿದಳು. ದೊಡ್ಡಮ್ಮ ಹೆಡ್‌ಮಿಸ್ ಜೊತೆ ಫೋನಿನಲ್ಲಿದ್ದರು. ಶನಿವಾರದ ಕ್ಲಾಸಿಗೆ ಇನ್ನೊಂದು ಕೋಣೆ ಕೊಡುವ ಮಾತು ನಡೆದಿತ್ತು. ಹುಡುಗಿ ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಕೈಯಲ್ಲೇ ಆಚೆ ಹೋಗು ಎಂದರು. ಚಿಂದಿ ಚಪ್ಪಲಿಯನ್ನೂ ಹಾಕದೆ ಕೆಳಗೆ ಹೋಗಿ ಹುಡುಕಾಡಿದಳು. ನೆಲಮಹಡಿಯ ಇಸ್ತ್ರಿ ಅಂಗಡಿಯವನು ಅವತ್ತಷ್ಟೇ ಹಬೆಯ ಯಂತ್ರ ತಂದು, ಅದರ ಹಬೆಕೊಳವೆಯನ್ನು ಓಣಿಯ ಕಡೆಗೆ ತಿರುಗಿಸಿಟ್ಟಿದ್ದ. ಹಬೆ ಮೇಲೇರಿ ಬಂದು ಒಣಗುತ್ತಿದ್ದ ಟವೆಲ್ಲನ್ನು ಮತ್ತೆ ಒದ್ದೆ ಮಾಡುತ್ತಿತ್ತು. ಚಿಂದಿ ಅಂಗಡಿಯವನ ಹತ್ತಿರವೇ ಒಂದು ಚೀಟಿ ಇಸಿದುಕೊಂಡು ‘ಕೆಳಗೆ ಹೊಸ ಯಂತ್ರ, ಕೊಳವೆ ನಮ್ಮ ಕಡೆ’ ಎಂದು ಬರೆದುಕೊಂಡು ಬಂದಳು. ಒಬ್ಬಳೇ ಕಂಡುಹಿಡಿದದ್ದು. ಅವತ್ತು ಸಂಜೆ ಅವಳು ಯಾರಿಗೂ ಕಾರಣ ಹೇಳದೆ ಮಂಚದ ಮೇಲೆ ಕುಣಿದಳು.

ಚೀಟಿಗಳೆಲ್ಲ ಒಂದು ಡಬ್ಬಿ ತುಂಬ ಆದಮೇಲೆ ದೊಡ್ಡಮ್ಮನ ಕೈಗೆ ಬಂದವು. ಸಂದರ್ಶನದ ಹಿಂದಿನ ದಿನ, ಹುಡುಗಿ ಶಾಲೆಗೆ ಹೋದ ಮೇಲೆ, ಅವರು ಮೇಜು ಒರೆಸಿ, ಡಬ್ಬಿ ಬೋರಲು ಹಾಕಿ ಜೋಡಿಸಲು ಕುಳಿತರು. ಉದ್ದೇಶ, ಸಾಮಾನು, ಮಾಡಿದ ರೀತಿ, ಕೋಷ್ಟಕ, ತೀರ್ಮಾನ: ಐದು ವಿಭಾಗ, ಐದು ಬಣ್ಣದ ಚೀಟಿ. ಕೋಷ್ಟಕ ಎಷ್ಟು ಚೆನ್ನಾಗಿ ಬಂತೆಂದರೆ ಅವರಿಗೇ ಹೆಮ್ಮೆಯಾಯಿತು. ಸಂಖ್ಯೆಗಳು ಮೆಟ್ಟಿಲಿಳಿದ ಹಾಗೆ ಒಂದರ ಕೆಳಗೊಂದು ಇಳಿದುಕೊಂಡು ಹೋದವು. ನಡುವೆ ಆ ಸೋಪಿನ ಕಾಗದ ಬಂತು.

ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಣಗಲು ಹಾಕಿದ ಬಟ್ಟೆ ಭಾರವಾಗುವುದುಂಟೇ? ಹುಡುಗಿ ಅವಸರದಲ್ಲಿ ಬೇರೆ ಟವೆಲ್ಲು ತೂಗಿರಬೇಕು, ಇಲ್ಲಾ ಸಂಖ್ಯೆ ತಪ್ಪಿ ಬರೆದಿರಬೇಕು. ಕಳೆಯುವವಳಿಗೆ ತಪ್ಪು ಬರೆಯುವುದು ಹೊಸದೇ? ಇದು ಹೀಗೇ ಹೋದರೆ ನಾಳೆ ಎಲ್ಲರೆದುರು ನಗೆಪಾಟಲು. ಸಂಜೆಯವರೆಗೆ ಕಾದು ಅವಳನ್ನೇ ಕೇಳೋಣವೆಂದರೆ ಟೈಪು ಮಾಡುವ ಅಂಗಡಿಯವನು ಮಧ್ಯಾಹ್ನವೇ ಕೊಡಿ ಎಂದಿದ್ದ. ಅವರು ಪೆನ್ನು ತೆಗೆದುಕೊಂಡು, ಮೇಲಿನದಕ್ಕಿಂತ ಚೂರು ಕಡಿಮೆ, ಕೆಳಗಿನದಕ್ಕಿಂತ ಚೂರು ಹೆಚ್ಚು ಎನ್ನುವ ಹಾಗೆ ಒಂದು ಸಂಖ್ಯೆಯನ್ನು ಆ ಜಾಗದಲ್ಲಿ ಕೂರಿಸಿದರು. ಕೋಷ್ಟಕ ಸರಿಹೋಯಿತು. ಹೊಸ ಯಂತ್ರದ ಚೀಟಿ ಕೊನೆಗೆ ಸಿಕ್ಕಿತು. ಅದನ್ನು ಓದಿ, ಮನೆಯ ಹರಟೆಯೆಂದುಕೊಂಡರು. ಐದು ವಿಭಾಗಗಳಲ್ಲಿ ಎಲ್ಲಿಯೂ ಅದಕ್ಕೆ ಜಾಗವಿರಲಿಲ್ಲ, ಜಾಗವಿಲ್ಲದ್ದು ಕಸ.

ಟೈಪಾಗಿ ಬಂದ ಹಾಳೆಗಳನ್ನು ಪ್ಲಾಸ್ಟಿಕ್ ಕವರುಗಳಿಗೆ ಇಳಿಸಿ, ಫೈಲಿಗೆ ಪೋಣಿಸಿ, ಕರಡುಗಳನ್ನೆಲ್ಲ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹರಿದರು. ಕೈಗೆ ಹಳೆಯ ಅಭ್ಯಾಸ.

ಚಿಂದಿ ಶಾಲೆಯಿಂದ ಬಂದವಳೇ, “ಆಯ್ತಾ ದೊಡ್ಡಮ್ಮ? ಎಲ್ಲಾ ಹಾಕಿದ್ಯಾ?” ಎಂದಳು.

“ಎಲ್ಲಾ.”

“ನೋಡ್ಲಾ?”

“ಕೈ ನೋಡ್ಕೋ ನಿಂದು, ಮಸಿ ಮಸಿ. ನಾಳೆ ಅಲ್ಲೇ ನೋಡುವಿಯಂತೆ.”

ಹುಡುಗಿ ಕೈ ನೋಡಿಕೊಂಡು ನಕ್ಕು ಸುಮ್ಮನಾದಳು. ದೊಡ್ಡಮ್ಮ ಎಲ್ಲಾ ಎಂದರೆ ಎಲ್ಲಾ.

ವಿಜ್ಞಾನ ಶಾಲೆಯ ಉದ್ದನೆಯ ಮೊಗಸಾಲೆಯಲ್ಲಿ ಮಕ್ಕಳು, ತಾಯಿತಂದೆಯರು ಬೆಂಚುಗಳ ಮೇಲೆ ಕುಳಿತಿದ್ದರು. ಅರ್ಧಕ್ಕರ್ಧ ದೊಡ್ಡಮ್ಮನ ಪರಿಚಯದವರೇ. ಹೆಡ್‌ಮಿಸ್ ಕೂಡ ಬಂದಿದ್ದರು. ನಮಸ್ಕಾರ ಸ್ವೀಕರಿಸಿಯೇ ದೊಡ್ಡಮ್ಮನಿಗೆ ಸಾಕಾಯಿತು. ಯಾರೋ ಫೈಲು ಇಸಿದುಕೊಂಡು ನೋಡಿ, “ಇಂಥದ್ದು ನೋಡಿದ ಮೇಲೆ ನಮ್ಮದನ್ನ ಒಳಗೆ ತಗೊಂಡು ಹೋಗೋಕೇ ನಾಚಿಕೆ,” ಎಂದರು. ತಾಯಿಗೆ ಪಾಳಿಯಿಂದ ಬಿಡುವಿರಲಿಲ್ಲ. ಹುಡುಗಿಯ ಜೊತೆ ಒಳಗೆ ಹೋದವರು ದೊಡ್ಡಮ್ಮ.

ಒಳಗೆ ಮೂವರು: ಬಕ್ಕತಲೆಯ ಹಿರಿಯರೊಬ್ಬರು, ಬರೆದುಕೊಳ್ಳಲು ಒಬ್ಬ ಯುವಕ, ನಡುವೆ ಕನ್ನಡಕವನ್ನು ಸರಪಳಿಗೆ ನೇತುಹಾಕಿಕೊಂಡ ಮೇಡಂ. ಮೇಡಂ ಫೈಲಿನ ಹಾಳೆಗಳನ್ನು ತಿರುವಿ ಹಾಕಿ, ಮುಚ್ಚಿ, ಹುಡುಗಿಯನ್ನು ಹತ್ತಿರ ಕರೆದರು.

“ಪುಟ್ಟಾ, ಇದನ್ನೆಲ್ಲ ಮಾಡುವಾಗ ನಿಂಗೆ ಆಶ್ಚರ್ಯ ಆಗಿದ್ದು ಏನಾದ್ರೂ ಇದ್ಯಾ?”

ಚಿಂದಿಯ ಮುಖ ಅರಳಿತು. ಈ ಪ್ರಶ್ನೆಗೇ ಅವಳು ಕಾಯುತ್ತಿದ್ದಳು. “ಒಂದಿನ ಟವೆಲ್ಲು ಭಾರ ಆಯ್ತು ಮೇಡಂ!”

ಮೇಡಂ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಬಕ್ಕತಲೆಯವರೂ ಪೆನ್ನು ಕೆಳಗಿಟ್ಟರು. “ಭಾರ ಆಯ್ತಾ? ಹೌದಾ! ಎಲ್ಲಿ, ತೋರ್ಸು ನೋಡೋಣ.”

ಹುಡುಗಿ ಫೈಲು ತನ್ನ ಕಡೆ ಎಳೆದುಕೊಂಡು ಕೋಷ್ಟಕದ ಮೇಲೆ ಬೆರಳಾಡಿಸಿದಳು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ. ಹಾಳೆ ತಿರುವಿದಳು. ಹಿಂದಿನ ಹಾಳೆಗೆ ಹೋದಳು.

“ಇಲ್ಲೇ ಇರ್ಬೇಕಿತ್ತು,” ಎಂದಳು.

“ಇಲ್ಲಿ ಎಲ್ಲಾ ಇಳಿದುಕೊಂಡೇ ಬಂದಿದೆಯಲ್ಲ ಪುಟ್ಟಾ.” ಮೇಡಂ ದನಿ ಇನ್ನೂ ಮೃದುವಾಗಿಯೇ ಇತ್ತು. “ನೀನು ತೂಗಿದಾಗ ಮೊದಲು ಬರ್ಕೊಂಡಿದ್ದು, ಆ ಕಾಗದ ತಂದಿದ್ದೀಯಾ? ಗೀಚಿದ್ದಾದ್ರೂ ಪರವಾಗಿಲ್ಲ.”

ಇದಕ್ಕೆ ಉತ್ತರ ಕೊಟ್ಟವರು ದೊಡ್ಡಮ್ಮ. ತಮ್ಮ ಸರದಿ ಬಂತೆಂದು ಸೆರಗು ಸರಿಮಾಡಿಕೊಂಡು, ಹೆಮ್ಮೆಯಿಂದಲೇ ಹೇಳಿದರು: “ಅದೆಲ್ಲ ಹರಿದುಹಾಕಿದೀನಿ ಮೇಡಂ. ಶುದ್ಧಪ್ರತಿ ಆದ್ಮೇಲೆ ನಮ್ಮಲ್ಲಿ ಒಂದು ಚೂರೂ ಕಸ ಉಳಿಸಲ್ಲ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಗಳಿಕೆ ಬರುತ್ತದೆಂದು ಕಾದಿದ್ದ ದೊಡ್ಡಮ್ಮನಿಗೆ ಆ ನೋಟ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಹಾಗಾದ್ರೆ ನೀವೇ ಹೇಳಿ,” ಎಂದರು ಮೇಡಂ. “ಜೋಡಿಸಿದ್ದು ನೀವು ತಾನೆ? ಮಗು ಹೇಳೋ ಹಾಗೆ ಯಾವತ್ತಾದ್ರೂ ತೂಕ ಜಾಸ್ತಿ ಆಗಿತ್ತಾ?”

ಸೋಪಿನ ಕಾಗದ, ಅದರ ಮೇಲಿನ ‘ಯಾಕೆ???’, ಹೊಸ ಯಂತ್ರದ ಚೀಟಿ ಎಲ್ಲವೂ ದೊಡ್ಡಮ್ಮನ ಕಣ್ಣಮುಂದೆ ನಿಚ್ಚಳವಾಗಿ ಬಂದು ನಿಂತವು. ಎರಡೂ ಚೀಟಿಗಳನ್ನು ಸೇರಿಸಿ ಓದಿದರೆ ಏನಾಗುತ್ತದೆ ಎನ್ನುವುದು ಆಗ ಹೊಳೆಯಿತು. ಹುಡುಗಿ ಹೇಳುತ್ತಿರುವುದು ನಿಜ. ಈ ಕೋಣೆಯಲ್ಲಿ, ಈ ಜಗತ್ತಿನಲ್ಲಿ ಅದು ನಿಜವೆಂದು ಗೊತ್ತಿರುವವರು ಇಬ್ಬರೇ, ಅವರಲ್ಲಿ ಒಬ್ಬರನ್ನು ಈಗ ಕೇಳುತ್ತಿದ್ದಾರೆ. ಆಗಿತ್ತು, ನಾನೇ ತಿದ್ದಿದೆ ಎಂದರೆ ಮುಗಿಯಿತು. ಆದರೆ ಆ ಮಾತು ಬಾಗಿಲಾಚೆ ಹೋಗುತ್ತದೆ. ಬೆಂಚುಗಳ ಮೇಲೆ ಕುಳಿತವರ ಕಿವಿಗೆ ಬೀಳುತ್ತದೆ. ಫೈಲಮ್ಮ ಮಕ್ಕಳ ಲೆಕ್ಕ ತಿದ್ದುತ್ತಾಳಂತೆ. ಶನಿವಾರ ಯಾವ ಮುಖ ಹೊತ್ತುಕೊಂಡು ಹೋಗುವುದು? ತಿದ್ದಿದ ಫೈಲು ಎಂದಮೇಲೆ ಹುಡುಗಿಯನ್ನೂ ಹೊರಗೆ ಹಾಕಿಯೇ ಹಾಕುತ್ತಾರೆ, ಹೇಳಿ ಏನು ಉಪಯೋಗ ಎಂದು ಅವರ ಮನಸ್ಸು ಕೂಡಲೇ ಒಂದು ಕಾರಣವನ್ನೂ ಹುಡುಕಿಕೊಟ್ಟಿತು. ಕಾರಣ ಹುಡುಕುವುದರಲ್ಲಿ ಮನಸ್ಸು ಎಂದೂ ತಡ ಮಾಡುವುದಿಲ್ಲ.

“ಹಾಗೇನೂ ಆಗಿಲ್ಲ ಮೇಡಂ,” ಎಂದರು. ಇನ್ನೂ ಒಂದು ಮಾತು ಸೇರಿಸಿದರು: “ಇವಳಿಗೆ ಮೊದಲಿಂದಲೂ ಮರೆವು ಜಾಸ್ತಿ.”

ಚಿಂದಿ ತಿರುಗಿ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ದೊಡ್ಡಮ್ಮ ಹೇಗಾದರೂ ತಡೆದುಕೊಳ್ಳುತ್ತಿದ್ದರು. ಹುಡುಗಿ ಅವರ ಮುಖದಲ್ಲಿ ಕೋಷ್ಟಕದಲ್ಲಿ ಹುಡುಕಿದ ಹಾಗೆಯೇ ಏನನ್ನೋ ಹುಡುಕಿದಳು. ಅಲ್ಲಿಯೂ ಸಿಗಲಿಲ್ಲ.

“ಯೋಚ್ನೆ ಮಾಡಿ ಹೇಳು ಪುಟ್ಟಾ,” ಎಂದರು ಬಕ್ಕತಲೆಯವರು. “ಭಾರ ಆಗಿತ್ತಾ, ಇಲ್ವಾ?”

ಹುಡುಗಿ ಇನ್ನೊಮ್ಮೆ ಕೋಷ್ಟಕದ ಮೇಲೆ ಬೆರಳಾಡಿಸಿದಳು. ಕಿವಿಗಳು ಕೆಂಪಾದವು. “ಆಗಿರ್ಲಿಲ್ವೇನೋ,” ಎಂದಳು. “ನಾನು ಎಲ್ಲಾನೂ ಕಳೀತೀನಿ. ದೊಡ್ಡಮ್ಮ ಹೇಳಿದ್ದೇ ಸರಿ ಇರ್ಬೇಕು.”

ಯುವಕ ಏನೋ ಬರೆದುಕೊಂಡ. ಮೇಡಂ ಕನ್ನಡಕ ಇಳಿಸಿದರು, ಅದು ಸರಪಳಿಯಲ್ಲಿ ತೂಗಾಡಿತು. ಇನ್ನೆರಡು ಪ್ರಶ್ನೆ ಕೇಳಿದರು, ಕೇಳಬೇಕಲ್ಲ ಎಂದು. ಹುಡುಗಿ ಪ್ರತಿಯೊಂದಕ್ಕೂ ಫೈಲು ತಿರುವಿ ನೋಡಿ, ಅಲ್ಲಿದ್ದದ್ದನ್ನು ಓದಿ ಹೇಳಿದಳು. ಏಳುವಾಗ ಮೇಡಂ ಫೈಲನ್ನು ದೊಡ್ಡಮ್ಮನ ಕೈಗೇ ಕೊಟ್ಟು, “ಫೈಲು ಬಹಳ ಚೆನ್ನಾಗಿದೆ,” ಎಂದರು. ಹುಡುಗಿಗೆ ಏನೂ ಹೇಳಲಿಲ್ಲ.

ವಾರ ಕಳೆಯುವುದರೊಳಗೆ ಫಲಿತಾಂಶ ಬಂತು. ಆರಿಸಿಕೊಂಡದ್ದು ಬೇರೆ ಒಬ್ಬನನ್ನು; ಅವನ ಕಾಗದಗಳ ಮೇಲೆ ಎಣ್ಣೆಯ ಕಲೆಯಿತ್ತಂತೆ, ಅರ್ಧದಷ್ಟು ಗೀಟು ಹೊಡೆದದ್ದೇ ಇತ್ತಂತೆ. ಕ್ಲಾಸ್ ಟೀಚರು ತಾಯಿಯನ್ನು ಬದಿಗೆ ಕರೆದು, “ಮಗು ಸ್ವಂತ ಮಾಡಿದ ಕೆಲಸ ಅಂತ ಅವರಿಗೆ ಅನ್ನಿಸ್ಲಿಲ್ವಂತೆ. ಮನೇಲಿ ದೊಡ್ಡೋರು ಮಾಡಿಕೊಟ್ಟಿದ್ದು ಅಂತ,” ಎಂದು ಪಿಸುಗುಟ್ಟಿದರು.

ತಾಯಿ ಮನೆಗೆ ಬಂದು ಚೀಲ ಬಿಸಾಡಿ ಕೂಗಾಡಿದಳು. “ಸ್ವಂತ ಅಲ್ವಂತೆ! ಆ ಮೆಟ್ಟಿಲು ಹತ್ತಿ ಇಳಿದಿದ್ದು ಯಾರು, ಅವರಪ್ಪನಾ? ಅಕ್ಕ, ಅವತ್ತು ಒಳಗೆ ನೀನಿದ್ಯಲ್ಲ, ಒಂದು ಮಾತು ಆಡ್ಬಾರ್ದಿತ್ತಾ?”

“ನನ್ನನ್ನ ಯಾರು ಕೇಳ್ತಾರೆ?” ಎಂದರು ದೊಡ್ಡಮ್ಮ. ಅದೂ ಒಂದು ಸುಳ್ಳು. ಮೊದಲನೆಯದರ ಬೆನ್ನಿಗೆ ಬಂದದ್ದರಿಂದ ಅಷ್ಟೇನೂ ಕಷ್ಟವಾಗಲಿಲ್ಲ.

ತಂಗಿ ನಂಬಿದಳು. ಆರಿಸುವವರ ವಂಶವನ್ನೆಲ್ಲ ಜಾಲಾಡಿ, ಅತ್ತು, ರಾತ್ರಿ ಪಾಳಿಗೆ ಹೋದಳು. ಚಿಂದಿ ಅಳಲಿಲ್ಲ. ಮರುದಿನ ಶಾಲೆಯಿಂದ ಬಂದು ತಾನಾಗಿಯೇ ಬ್ಯಾಗು ಬರಿದು ಮಾಡಿ, ಹಾಳೆಗಳಿಗೆ ರಂಧ್ರ ಹೊಡೆದು, ಆಗಬೇಕಾದ್ದನ್ನು ಎಡಕ್ಕೆ, ಆದದ್ದನ್ನು ಬಲಕ್ಕೆ ಇಟ್ಟಳು. ಬುಟ್ಟಿಗೆ ಹಾಕಲು ಏನೂ ಉಳಿಯಲಿಲ್ಲ.

ಶನಿವಾರದ ಕ್ಲಾಸು ದೊಡ್ಡದಾಯಿತು. ಮೊಗಸಾಲೆಯಲ್ಲಿ ಆ ಫೈಲು ನೋಡಿದವರು ನಾಲ್ಕು ಜನರಿಗೆ ಹೇಳಿ, ಬೇರೆ ಶಾಲೆಯವರೂ ಮಕ್ಕಳನ್ನು ಕರೆತಂದರು. ಹೆಡ್‌ಮಿಸ್ ಕೊಟ್ಟ ಹೊಸ ಕೋಣೆಗೆ ಮೂರು ಕಿಟಕಿಗಳಿದ್ದವು. ಕರಡನ್ನು ಏನು ಮಾಡಬೇಕು ಎನ್ನುವ ಪಾಠ ಬಂದಾಗ ದೊಡ್ಡಮ್ಮ ಬಾಟಲಿ ಎತ್ತಿಕೊಂಡರು. ನೀರು ಕುಡಿದು, ಹಳೆಯ ಹಾಗೆಯೇ ಹೇಳಿಕೊಟ್ಟರು. ಬದಲಾಯಿಸಿದರೆ ಯಾಕೆ ಎಂದು ಯಾರಾದರೂ ಕೇಳಿಯಾರು ಎಂಬ ಭಯ.

ಮನೆಯಲ್ಲಿ ಮಾತ್ರ ಅವರಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿರಲಿಲ್ಲ. ಹುಡುಗಿ ಮೊಣಕೈ ಮೇಲೆ ಬರೆದುಕೊಂಡು ಬರುವುದು ನಿಂತಿತ್ತು. ಮೇಜಿನ ಮೇಲೆ ಬಸ್ ಟಿಕೆಟ್ಟಿಲ್ಲ, ಬಿಸ್ಕತ್ತಿನ ಕಾಗದವಿಲ್ಲ. ಒಂದು ದಿನ ದೊಡ್ಡಮ್ಮ ತಾವಾಗಿ, ಏನನ್ನೋ ಮರೆತವರ ಹಾಗೆ, ಬಿಡಿಸಿದ ಮಾತ್ರೆ ಡಬ್ಬಿಯ ರಟ್ಟನ್ನು ಅವಳ ಪೆನ್ನಿನ ಪಕ್ಕ ಇಟ್ಟು ಹೋದರು. ಬಂದು ನೋಡಿದರೆ ಅದು ಬುಟ್ಟಿಯಲ್ಲಿತ್ತು. ತಾಯಿ, “ಅಂತೂ ನನ್ನ ಮಗಳು ದಾರಿಗೆ ಬಂದ್ಳು,” ಎಂದಳು. ಆದರೂ ನಡುನಡುವೆ ಅವಳ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದಳು.

ಆಮೇಲೊಂದು ಭಾನುವಾರ ಬಿಸಿನೀರು ಆರುವುದನ್ನು ಅಳೆದು ಬರೆಯುವ ಹೋಮ್‌ವರ್ಕು ಬಂತು. ಶಾಲೆಯಿಂದ ತಂದ ಥರ್ಮಾಮೀಟರನ್ನು ಲೋಟದೊಳಗೆ ಇಳಿಸಿ, ಗೀಟು ಹಾಕಿಟ್ಟುಕೊಂಡ ಕೋಷ್ಟಕವನ್ನು ಮುಂದಿಟ್ಟುಕೊಂಡು ಚಿಂದಿ ಅಡುಗೆಮನೆಯಲ್ಲಿ ಕುಳಿತಿದ್ದಳು. ದೊಡ್ಡಮ್ಮ ಹಾದುಹೋಗುವಾಗ ಥರ್ಮಾಮೀಟರು ಎತ್ತಿ ಅವರತ್ತ ಹಿಡಿದಳು.

“ದೊಡ್ಡಮ್ಮ, ಇದು ಎಷ್ಟು ಅಂತ ಬರೀಲಿ?”

“ಎಷ್ಟಿದೆಯೋ ಅಷ್ಟು ಬರಿ.”

“ಎಷ್ಟಿರ್ಬೇಕು?”

ಹೊರಟಿದ್ದ ದೊಡ್ಡಮ್ಮ ತಿರುಗಿ ಬಂದರು. ಸ್ಟೂಲು ಎಳೆದುಕೊಂಡು ಅವಳ ಎದುರು ಕುಳಿತರು. ಇಷ್ಟು ದಿನ ಮುಚ್ಚಿಟ್ಟದ್ದು ಈಗ ತಾನಾಗಿ ಹೊರಗೆ ಬಂತು. “ನೋಡು ಚಿಂದಿ, ಅವತ್ತು ನೀನು ಹೇಳಿದ್ದೇ ನಿಜ. ಟವೆಲ್ಲು ಭಾರ ಆಗಿತ್ತು. ನೀನು ಸರಿಯಾಗೇ ಬರ್ದಿದ್ದೆ, ಸೋಪಿನ ಕಾಗದದ ಮೇಲೆ. ನಾನೇ ತಿದ್ದಿದ್ದು. ಆಮೇಲೆ ಅವರ ಮುಂದೆ ಸುಳ್ಳೂ ಹೇಳ್ದೆ. ತಪ್ಪೆಲ್ಲಾ ನಂದು, ನಿಂದಲ್ಲ.” ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಹುಡುಗಿ ಕಿರುಚಲಿ, ಫೈಲು ಎತ್ತಿ ಮುಖಕ್ಕೆ ಎಸೆಯಲಿ, ಅಮ್ಮನಿಗೆ ಹೇಳಲಿ ಎಂದು ಕಾದರು. ಏನಾದರೊಂದು ಮಾಡಲಿ ಎಂದು ಬೇಡಿಕೊಂಡರು.

ಚಿಂದಿ ಅವರ ಕೈಯನ್ನು ಮೆಲ್ಲಗೆ ತಟ್ಟಿದಳು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ.

“ಅಳ್ಬೇಡ ದೊಡ್ಡಮ್ಮ. ನೀನು ತಿದ್ದಿದ್ಯಾ ಅಂದ್ರೆ ಅದು ತಪ್ಪೇ ಇತ್ತು ಅಂತ ಅರ್ಥ ಅಲ್ವಾ?” ಎಂದಳು. ಆಮೇಲೆ ಥರ್ಮಾಮೀಟರನ್ನು ಅವರ ಕೈಗೆ ಕೊಟ್ಟು, ಪೆನ್ನು ಹಿಡಿದು, ಸಂಖ್ಯೆ ಹೇಳುತ್ತಾರೆಂದು ಕಾಯುತ್ತಾ ಕುಳಿತಳು.